ವಿಯೆಟ್ನಾಂ ರೈಲು: ಹನೋಯ್‌ನಿಂದ ಸೈಗಾನ್‌ವರೆಗೆ, ವಯಸ್ಸಾದ ಅಮ್ಮನ ಜೊತೆ ಹೇಗೆ ಪ್ಲಾನ್ ಮಾಡೋದು?

ಠಾಣೆ_ಧಾರವಾಡ:

ಎಲ್ಲರಿಗೂ ನಮಸ್ಕಾರ. ಠಾಣೆಯಿಂದ ನಾಲ್ಕು ಜನ ಹೊರಡೋದು ಅಂತ ಇದೆ. ನಾವಿಬ್ಬರು, 14 ವರ್ಷದ ಮಗ, 68 ವರ್ಷದ ಅಮ್ಮ. ಅಮ್ಮನಿಗೆ ಮೊಣಕಾಲು ನೋವು, ಹತ್ತಿ ಇಳಿಯೋದು ಕಷ್ಟ. ನಾಲ್ವರೂ ಶುದ್ಧ ಸಸ್ಯಾಹಾರಿಗಳು. ದೀಪಾವಳಿ ರಜೆಯಲ್ಲಿ 11 ದಿನ ಸಿಗುತ್ತದೆ. ಮುಂಬೈಯಿಂದ ಹನೋಯ್‌ಗೆ ಹೋಗಿ, ಅಲ್ಲಿಂದ ಹೊ ಚಿ ಮಿನ್ ಸಿಟಿವರೆಗೆ (ಅದೇ ಸೈಗಾನ್) ಪೂರ್ತಿ ರೈಲಿನಲ್ಲೇ ದಕ್ಷಿಣಕ್ಕೆ ಬಂದು, ಅಲ್ಲಿಂದ ವಾಪಸ್ ವಿಮಾನ ಹಿಡಿಯುವ ಯೋಚನೆ.

ಕೇಳಬೇಕಾದದ್ದು ಇಷ್ಟು: ಒಂದೇ ಗಾಡಿಯಲ್ಲಿ ಪೂರ್ತಿ ಹೋಗಬಹುದಾ, ನಡುವೆ ಇಳಿಯಬೇಕಾ? ಯಾವ ಕ್ಲಾಸ್, ಯಾವ ಬರ್ತ್? ಟಿಕೆಟ್ ಇಲ್ಲಿಂದಲೇ ಮಾಡಿಸಬಹುದಾ, ವೇಟಿಂಗ್ ಲಿಸ್ಟ್ ಗೋಳು ಇದೆಯಾ? ಗಾಡಿಯಲ್ಲಿ ನಮಗೆ ತಿನ್ನಲು ಏನಾದರೂ ಸಿಗುತ್ತದಾ? ಉತ್ತರದ ಬೆಟ್ಟದ ಊರು ಸಾಪಾ ಕೂಡ ಸೇರಿಸಿ ಅಂತ ಮಗನ ಹಟ.

ಪಿಂಪ್ರಿ_ಮೀಟರ್‌ಗೇಜ್:

ಪೂರ್ತಿ ಒಂದೇ ಗಾಡಿಯಲ್ಲಿ ಬೇಡ. ಹನೋಯ್‌ನಿಂದ ಸೈಗಾನ್‌ಗೆ 1,726 ಕಿ.ಮೀ. ಮೀಟರ್ ಗೇಜ್, ಬಹುತೇಕ ಒಂಟಿ ಹಳಿ. ಎದುರು ಗಾಡಿಗೆ ದಾರಿ ಬಿಡಲು ನಿಲ್ಲುತ್ತ ನಿಲ್ಲುತ್ತ ಸುಮಾರು 35 ಗಂಟೆ ಹಿಡಿಯುತ್ತದೆ, ಎರಡು ಮೂರು ಗಂಟೆ ತಡವಾದರೆ ಅಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಂದೇ ಗಾಡಿಯಲ್ಲಿ ಹೋದರೆ ನೋಡಬೇಕಾದ ಜಾಗ ಎಷ್ಟೋ ಕತ್ತಲಲ್ಲಿ ದಾಟಿಹೋಗುತ್ತದೆ. ಈ ಹಳಿಯ ಪೂರ್ತಿ ಚೆಲುವು ಹ್ವೆ ಮತ್ತು ಡಾ ನಾಂಗ್ ನಡುವಿನ 103 ಕಿ.ಮೀ.ಗಳಲ್ಲಿದೆ. ಅಷ್ಟು ಭಾಗ ಹಗಲಲ್ಲಿ ಬರುವ ಹಾಗೆ ನೋಡಿಕೊಳ್ಳಿ. ಉಳಿದದ್ದೆಲ್ಲ ಅದರ ಸುತ್ತ ಹೊಂದಿಸಿಕೊಳ್ಳುವ ಲೆಕ್ಕ.

ಅಂತರಗಳು ಹೀಗಿವೆ: ಹನೋಯ್–ಹ್ವೆ 688 ಕಿ.ಮೀ., 13–14 ಗಂಟೆ, ರಾತ್ರಿ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಹ್ವೆ–ಡಾ ನಾಂಗ್ ಎರಡೂವರೆಯಿಂದ ಮೂರು ಗಂಟೆ. ಡಾ ನಾಂಗ್–ನ್ಯಾ ಟ್ರಾಂಗ್ 524 ಕಿ.ಮೀ., ಹೆಚ್ಚುಕಮ್ಮಿ ಹತ್ತು ಗಂಟೆ. ನ್ಯಾ ಟ್ರಾಂಗ್–ಸೈಗಾನ್ 411 ಕಿ.ಮೀ., ಏಳೆಂಟು ಗಂಟೆ. ಒಂದು ಮಾತು: ನಡುವೆ ಇಳಿದು ಮತ್ತೆ ಅದೇ ಟಿಕೆಟ್ಟಿನಲ್ಲಿ ಹತ್ತುವ ಬ್ರೇಕ್ ಜರ್ನಿ ಸೌಲಭ್ಯ ಇಲ್ಲ. ಪ್ರತಿ ತುಂಡಿಗೂ ಬೇರೆ ಟಿಕೆಟ್ ತೆಗೆಯಬೇಕು.

ಗಾಡಿ ನಂಬರಿನಲ್ಲಿ ಬೆಸ ಸಂಖ್ಯೆ ದಕ್ಷಿಣಕ್ಕೆ, ಸಮ ಸಂಖ್ಯೆ ಉತ್ತರಕ್ಕೆ. ನಿಮಗೆ ಬೇಕಾದದ್ದು ಎಸ್‌ಇ 1, ಎಸ್‌ಇ 3 ಹೀಗೆ. ಎಸ್‌ಇ 19 ಹನೋಯ್–ಡಾ ನಾಂಗ್ ನಡುವೆ ಮಾತ್ರ ಓಡುತ್ತದೆ. ಸಮಯಪಟ್ಟಿ ಆಗಾಗ ಬದಲಾಗುವುದರಿಂದ ಹಳೆಯ ಬ್ಲಾಗ್ ನೋಡಿ ಹೊರಡುವ ಗಂಟೆ ನಂಬಬೇಡಿ.

ಬರ್ತ್ ವಿಷಯ. ಸಾಫ್ಟ್ ಸ್ಲೀಪರ್ ಅಂದರೆ ನಾಲ್ಕು ಬರ್ತಿನ ಕೋಣೆ, ಒಳಗಿನಿಂದ ಬಾಗಿಲು ಹಾಕಿಕೊಳ್ಳಬಹುದು. ನೀವು ನಾಲ್ವರಿದ್ದೀರಿ, ಇಡೀ ಕೋಣೆ ನಿಮ್ಮದೇ ಆಗುತ್ತದೆ. ಬೋಗಿಯಲ್ಲಿ ಇಂಥ ಏಳು ಕೋಣೆ, 28 ಬರ್ತ್. ಕೆಳಗಿನದು ಟಿ1, ಮೇಲಿನದು ಟಿ2. ಸೀಟು ನಕ್ಷೆಯಲ್ಲಿ ನಾಲ್ಕನೇ ಕೋಣೆ ಹಿಡಿಯಿರಿ. ಬೋಗಿಯ ನಟ್ಟನಡುವೆ ಇರುವುದರಿಂದ ಗಾಲಿಯ ಸದ್ದೂ ಟಾಯ್ಲೆಟ್ ಬಾಗಿಲ ಬಡಿತವೂ ಕಡಿಮೆ. ಹಾರ್ಡ್ ಸ್ಲೀಪರಿನಲ್ಲಿ ಆರು ಬರ್ತ್, ಹಾಸಿಗೆ ತೆಳು, ಮೇಲಿನ ಟಿ3ರಲ್ಲಿ ಕುಳಿತುಕೊಳ್ಳಲೂ ಆಗದಷ್ಟು ಇಕ್ಕಟ್ಟು. ದುಡ್ಡು ಉಳಿಯುತ್ತದೆ, ಆದರೆ ಅಮ್ಮನ ಜೊತೆ ಅದು ಬೇಡವೇ ಬೇಡ.

ಮೇಲಿನ ಬರ್ತಿಗೆ ನಮ್ಮಲ್ಲಿರುವಂಥ ಏಣಿ ನಿರೀಕ್ಷಿಸಬೇಡಿ. ಬಾಗಿಲ ಪಕ್ಕ ಗೋಡೆಗೆ ಮಡಚುವ ಒಂದು ಪುಟ್ಟ ಮೆಟ್ಟಿಲು, ಕೈಗೊಂದು ಹಿಡಿ, ಅಷ್ಟೇ. ಮೀಟರ್ ಗೇಜ್ ಆದ್ದರಿಂದ ಬೋಗಿಯೇ ಕಿರಿದು, ಆರಡಿ ಎತ್ತರದವರಿಗೆ ಬರ್ತಿನಲ್ಲಿ ಕಾಲು ಚಾಚಲು ಬಿಗಿ. ಮಗ ಎತ್ತರವಾಗಿದ್ದರೆ ಅವನಿಗೂ ಮೊದಲೇ ಹೇಳಿಡಿ.

ಸಾಪಾ ಈ ಸಲ ಬಿಡಿ. ಸಾಪಾಕ್ಕೆ ರೈಲೇ ಇಲ್ಲ. ಲಾವೊ ಕಾಯ್‌ವರೆಗೆ ಒಂದು ರಾತ್ರಿ ರೈಲು, ಅಲ್ಲಿಂದ ಒಂದು ಗಂಟೆ ಘಾಟಿ ರಸ್ತೆ, ಮತ್ತೆ ವಾಪಸ್ ಅಷ್ಟೇ. 11 ದಿನದಲ್ಲಿ ಮೂರು ಅದಕ್ಕೇ ಹೋಗುತ್ತದೆ. ಬೆಟ್ಟ ಗದ್ದೆ ನೋಡಬೇಕೆಂದರೆ ಹನೋಯ್‌ನಿಂದ 115 ಕಿ.ಮೀ. ದೂರದ ನಿನ್ ಬಿನ್ ಇದೆ, ಅದೇ ಮುಖ್ಯ ಹಳಿಯ ಮೇಲೆ, ಎರಡೂಕಾಲು ಗಂಟೆ. ಅಲ್ಲಿಳಿದು, ದೋಣಿಯಲ್ಲಿ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಸುತ್ತಾಡಿ, ಅಲ್ಲಿಂದಲೇ ರಾತ್ರಿ ಗಾಡಿ ಹತ್ತಿ ಹ್ವೆಗೆ ಹೋಗಬಹುದು.

ಮಾಟುಂಗಾ_ಪೂರ್ವ:

ಟಿಕೆಟ್ ಬಗ್ಗೆ ನಾನು ಬರೆಯುತ್ತೇನೆ. ವೇಟಿಂಗ್ ಲಿಸ್ಟ್, ಆರ್‌ಎಸಿ ಯಾವುದೂ ಇಲ್ಲ. ಬರ್ತ್ ಇದ್ದರೆ ನಂಬರ್ ಸಮೇತ ಕೈಗೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ತತ್ಕಾಲ್ ಕೂಡ ಇಲ್ಲ, ಹಾಗಾಗಿ ಕೊನೆಗೆ ಏನಾದರೂ ಆಗುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ರೈಲ್ವೆಯದೇ ತಾಣ ಡಿಎಸ್‌ವಿಎನ್ ಡಾಟ್ ವಿಎನ್. ಇಂಗ್ಲಿಷ್ ಆವೃತ್ತಿ ಇದೆ, ಬೋಗಿಯ ನಕ್ಷೆ ನೋಡಿ ಬರ್ತ್ ಆರಿಸಬಹುದು. ಹುಡುಕುವಾಗ ಹೊ ಚಿ ಮಿನ್ ಎಂದು ಹೊಡೆದರೆ ಸ್ಟೇಷನ್ ಸಿಗುವುದಿಲ್ಲ, ಸೈಗಾನ್ ಎಂದೇ ಇದೆ. ಹೋಯ್ ಆನ್‌ಗೂ ಸ್ಟೇಷನ್ ಇಲ್ಲ. ಡಾ ನಾಂಗ್‌ನಲ್ಲಿ ಇಳಿದು 30 ಕಿ.ಮೀ. ಟ್ಯಾಕ್ಸಿ. ಡಾಂಗ್ ಹೋಯ್ ಎನ್ನುವುದು ಬೇರೆಯೇ ಊರು, ಹನೋಯ್‌ನಿಂದ 522 ಕಿ.ಮೀ., ಫೋಂಗ್ ನ್ಯಾ ಗುಹೆಗಳಿಗೆ ಹೋಗುವವರು ಇಳಿಯುವ ಜಾಗ. ಅವಸರದಲ್ಲಿ ಇವೆರಡನ್ನೂ ಅದಲುಬದಲು ಮಾಡಬೇಡಿ.

ಸಿಕ್ಕಿಹಾಕಿಕೊಳ್ಳುವುದು ಪೇಮೆಂಟಿನಲ್ಲಿ. ಭಾರತದ ಕಾರ್ಡುಗಳು ಆ ತಾಣದಲ್ಲಿ ಕೆಲವೊಮ್ಮೆ ನಡೆಯುವುದಿಲ್ಲ. ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಆನ್‌ಲೈನ್ ವಹಿವಾಟು ಆನ್ ಮಾಡಿ. ಆದರೂ ಆಗದಿದ್ದರೆ ಬಾವೊಲಾವ್ ಅಥವಾ 12ಗೋ ಎಂಬ ಏಜೆಂಟ್ ತಾಣಗಳ ಮೂಲಕ ತೆಗೆಯಿರಿ, ಸ್ವಲ್ಪ ಕಮಿಷನ್ ಬೀಳುತ್ತದೆ. ಏಜೆಂಟ್ ತಾಣದಲ್ಲಿ ದುಡ್ಡು ಕಟ್ಟಿದ ಕೂಡಲೇ ಟಿಕೆಟ್ ಆಯಿತು ಎಂದುಕೊಳ್ಳಬೇಡಿ. ಕ್ಯೂಆರ್ ಕೋಡ್ ಇರುವ ಇ-ಟಿಕೆಟ್ ಬಂದು, ಅದರಲ್ಲಿ ಬೋಗಿ ನಂಬರ್, ಬರ್ತ್ ನಂಬರ್ ನೋಡಿದ ಮೇಲೆಯೇ ಹೋಟೆಲ್ ಪಕ್ಕಾ ಮಾಡಿ. ನಾಲ್ವರಿಗೂ ಒಂದೇ ಕೋಣೆ ಬಂದಿದೆಯಾ ನೋಡಿಕೊಳ್ಳಿ.

ಎಲ್ಲ ಟಿಕೆಟ್ಟೂ ಇಲ್ಲಿಂದ ಹೊರಡುವ ಮುಂಚೆಯೇ ಆಗಿರಲಿ. ಕಾರಣ ಒಟಿಪಿ. ಅದು ಬರುವುದು ನಿಮ್ಮ ಇಲ್ಲಿಯ ನಂಬರಿಗೆ, ಅಲ್ಲಿ ಸ್ಥಳೀಯ ಸಿಮ್ ಹಾಕಿಕೊಂಡ ಮೇಲೆ ಅದು ಬಾರದೆ ಬುಕಿಂಗ್ ಅರ್ಧಕ್ಕೇ ನಿಲ್ಲುತ್ತದೆ. ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ನಂಬರ್ ಕೊಡಬೇಕು, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ.

ವೀಸಾ: ಸರ್ಕಾರಿ ಇ-ವೀಸಾ ತಾಣದಲ್ಲೇ ಮಾಡಿ, ಒಂದು ಪ್ರವೇಶಕ್ಕೆ 25 ಡಾಲರ್. ಅದೇ ಥರ ಕಾಣುವ ಖಾಸಗಿ ತಾಣಗಳು ಎರಡು ಮೂರು ಪಟ್ಟು ಕೀಳುತ್ತವೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಇದ್ದರೆ ವೀಸಾ, ವಿಮಾನ, ರೈಲು ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ನಮ್ಮ ಕಡೆಯ ಹಿರಿಯರಿಗೆ ಈ ತೊಡಕು ತುಂಬಾ ಸಾಮಾನ್ಯ.

ಮಡಗಾಂವ್_ಜಂಕ್ಷನ್:

ಎಲ್ಲ ಸರಿ, ಆದರೆ ದೀಪಾವಳಿ ಎಂದಿರಲ್ಲ, ಅಲ್ಲೇ ತೊಂದರೆ ಇರೋದು. ನಮ್ಮಲ್ಲಿ ಮಳೆ ಮುಗಿಯುವ ಹೊತ್ತಿಗೆ ಮಧ್ಯ ವಿಯೆಟ್ನಾಂನಲ್ಲಿ ಮಳೆ ಜೋರಾಗುತ್ತದೆ. ಅಕ್ಟೋಬರ್, ನವೆಂಬರ್ ಹ್ವೆ ಮತ್ತು ಡಾ ನಾಂಗ್‌ಗೆ ಅತಿ ಹೆಚ್ಚು ಮಳೆಯ ತಿಂಗಳುಗಳು. ಈಶಾನ್ಯದಿಂದ ಬೀಸುವ ಗಾಳಿ ಸಮುದ್ರದ ತೇವ ಹೊತ್ತು ತಂದು ಅಲ್ಲಿಯ ಬೆಟ್ಟಸಾಲಿಗೆ ಬಡಿಯುತ್ತದೆ, ಮೇಲೆ ಟೈಫೂನ್ ಬೇರೆ. ಪ್ರವಾಹ ಬಂದು ಹಳಿ ಮುಳುಗಿದರೆ, ಗುಡ್ಡ ಕುಸಿದರೆ ಗಾಡಿ ರದ್ದು. ಅದೇ ಹೊತ್ತಿಗೆ ಹನೋಯ್‌ನಲ್ಲಿ ವರ್ಷದ ಅತ್ಯುತ್ತಮ ಹವೆ ಇರುತ್ತದೆ, ಆದ್ದರಿಂದ ಹನೋಯ್ ಹವಾಮಾನ ನೋಡಿ ಇಡೀ ದೇಶಕ್ಕೆ ಅನ್ವಯಿಸಬೇಡಿ.

ಮಗನ ಪರೀಕ್ಷೆ ಮುಗಿದ ಮೇಲೆ, ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ಮೂರು ವಾರಕ್ಕೆ ಮುಂದೂಡಲು ಸಾಧ್ಯವೇ? ಉತ್ತರ, ಮಧ್ಯ, ದಕ್ಷಿಣ ಮೂರಕ್ಕೂ ಹೊಂದುವ ಕಾಲ ಅದು. ಏಪ್ರಿಲ್ 30, ಮೇ 1 ಅಲ್ಲಿ ರಾಷ್ಟ್ರೀಯ ರಜೆ, ಗಾಡಿಗಳು ತುಂಬಿರುತ್ತವೆ. ಜನವರಿ ಕೊನೆಯಿಂದ ಫೆಬ್ರವರಿಯಲ್ಲಿ ಬರುವ ಟೆಟ್ (ಅವರ ಹೊಸ ವರ್ಷ) ಹಬ್ಬದ ಆಸುಪಾಸಂತೂ ಹೋಗಲೇಬೇಡಿ. ಊರಿಗೆ ಹೋಗುವವರು ತಿಂಗಳುಗಟ್ಟಲೆ ಮುಂಚೆ ಟಿಕೆಟ್ ಎತ್ತಿರುತ್ತಾರೆ.

ದೀಪಾವಳಿಗೇ ಹೋಗಲೇಬೇಕಾದರೆ, ಹ್ವೆಯಿಂದ ಮುಂದಿನ ಹೋಟೆಲುಗಳನ್ನು ರದ್ದು ಮಾಡಬಹುದಾದ ದರದಲ್ಲೇ ತೆಗೆಯಿರಿ, ಡಾ ನಾಂಗ್‌ನಿಂದ ವಿಮಾನಕ್ಕೂ ಒಂದು ದಿನ ಸಡಿಲ ಇಟ್ಟುಕೊಳ್ಳಿ.

ಈಗ ಆ 103 ಕಿ.ಮೀ. ಬಗ್ಗೆ. ಹ್ವೆ ಬಿಟ್ಟು ಒಂದು ಗಂಟೆಯಾದ ಮೇಲೆ ಲಾಂಗ್ ಕೊ ಹಿನ್ನೀರು ಬರುತ್ತದೆ, ಅದಾದ ಕೂಡಲೇ ಹಾಯ್ ವಾನ್ ಬೆಟ್ಟ. ಹೆದ್ದಾರಿ 2005ರಿಂದ ಸುರಂಗದೊಳಗೆ ಹೋಗುತ್ತದೆ, ರೈಲು ಮಾತ್ರ ಇವತ್ತಿಗೂ ಕಡಿದಾದ ಅಂಚಿನಲ್ಲಿ ಸಮುದ್ರದ ನೆತ್ತಿಯ ಮೇಲೆ ಸುತ್ತಿ ಸುತ್ತಿ ಸಾಗುತ್ತದೆ. ಏರಿಗೆ ಹಿಂದಿನಿಂದ ಇನ್ನೊಂದು ಎಂಜಿನ್ ತಳ್ಳುತ್ತದೆ, ಕರ್ಜತ್‌ನಲ್ಲಿ ಬ್ಯಾಂಕರ್ ಕಟ್ಟುವ ಹಾಗೆ. ತಿರುವುಗಳಲ್ಲಿ ನಿಮ್ಮದೇ ಗಾಡಿಯ ಮೊದಲ ಬೋಗಿಗಳು ಕಾಣುತ್ತವೆ, ಕೆಳಗೆ ಮರಗಳ ಸಂದಿಯಲ್ಲಿ ಜನವೇ ಇಲ್ಲದ ಪುಟ್ಟ ಪುಟ್ಟ ಮರಳದಂಡೆಗಳು. ಗಾಡಿ ಎಷ್ಟು ನಿಧಾನ ಎಂದರೆ ಫೋಟೋಗೆ ಅವಸರವೇ ಬೇಡ.

ದಕ್ಷಿಣಕ್ಕೆ ಹೋಗುವಾಗ ಸಮುದ್ರ ಎಡಗಡೆ. ಇಷ್ಟು ದೂರಕ್ಕೆ ಸ್ಲೀಪರ್ ಬೇಡ, ಎಸಿ ಸಾಫ್ಟ್ ಸೀಟ್ ಸಾಕು. ಸೀಟುಗಳೆಲ್ಲ ಗಾಡಿ ಹೋಗುವ ದಿಕ್ಕಿಗೇ ಇರುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಎಡಗಡೆಯ ಕಿಟಕಿ ಮುಖ್ಯ. ಈ ಭಾಗಕ್ಕೆಂದೇ 2024ರಲ್ಲಿ ಶುರುವಾದ ಎಚ್‌ಡಿ ಗಾಡಿಗಳೂ ಇವೆ, ಲಾಂಗ್ ಕೊದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಅಮ್ಮನಿಗೆ ಅದೇ ಆರಾಮ.

ನಕ್ಷೆ ನೋಡುವವರೂ ಗಮನಿಸದ ಒಂದು ವಿಷಯ: ಡಾ ನಾಂಗ್ ಸ್ಟೇಷನ್ನಿನಲ್ಲಿ ಹಳಿ ಅಲ್ಲಿಗೇ ಮುಗಿಯುತ್ತದೆ. ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಿ, ಗಾಡಿ ಬಂದ ದಿಕ್ಕಿಗೇ ವಾಪಸ್ ಹೊರಟು ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ಅಂದರೆ ಹ್ವೆಯಿಂದ ಸಮುದ್ರದ ಕಡೆ ಕುಳಿತವರಿಗೆ ಅದೇ ಸೀಟಿನಲ್ಲಿ ಮುಂದೆ ಬರೀ ಗುಡ್ಡದ ಕಡೆ.

ಪ್ಲಾಟ್‌ಫಾರ್ಮ್ ಬಹಳ ತಗ್ಗು. ಬೋಗಿಯ ಮೂರು ಕಡಿದಾದ ಮೆಟ್ಟಿಲು ಹತ್ತಬೇಕು, ಎಷ್ಟೋ ಕಡೆ ಹಳಿ ದಾಟಿಯೇ ಗಾಡಿಯ ಹತ್ತಿರ ಹೋಗಬೇಕು. ಪ್ರತಿ ಬೋಗಿಗೂ ಬಾಗಿಲಲ್ಲಿ ಒಬ್ಬ ಅಟೆಂಡೆಂಟ್ ನಿಂತಿರುತ್ತಾರೆ, ಅಮ್ಮನನ್ನು ತೋರಿಸಿ ಸನ್ನೆ ಮಾಡಿದರೆ ಕೈ ಕೊಡುತ್ತಾರೆ. ತಲಾ 20 ಕೆ.ಜಿ. ಲಗೇಜ್ ಉಚಿತ. ದೊಡ್ಡ ಟ್ರಾಲಿ ಕೆಳ ಬರ್ತಿನಡಿ ತೂರುವುದು ಕಷ್ಟ. ಕೋಣೆಯ ಬಾಗಿಲ ಮೇಲೆ ಕಾರಿಡಾರಿನ ಚಾವಣಿಯೊಳಕ್ಕೆ ಒಂದು ಗೂಡು ಇದೆ, ಅಲ್ಲಿಗೆ ಎತ್ತಬೇಕಾಗುತ್ತದೆ. ನಾಲ್ಕು ಮಧ್ಯಮ ಬ್ಯಾಗು ಒಯ್ಯಿರಿ.

ಠಾಣೆ_ಧಾರವಾಡ:

ಧನ್ಯವಾದ, ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಏಪ್ರಿಲ್‌ಗೆ ಮುಂದೂಡುವುದೇ ಸರಿ. ಊಟದ ಬಗ್ಗೆ ಯಾರೂ ಬರೆಯಲಿಲ್ಲ. ಡಾ ನಾಂಗ್‌ನಿಂದ ಸೈಗಾನ್‌ಗೆ ರೈಲಾ, ವಿಮಾನವಾ?

ಡೊಂಬಿವಲಿ_ಖಡಕ್‌ರೊಟ್ಟಿ:

ಗಾಡಿಯಲ್ಲಿ ತಳ್ಳುಗಾಡಿ ಬರುತ್ತದೆ: ಅನ್ನ, ಮಾಂಸ, ಗಂಜಿ, ಬೇಯಿಸಿದ ಮೆಕ್ಕೆಜೋಳ, ಇನ್‌ಸ್ಟಂಟ್ ನೂಡಲ್ಸ್. ಮೆಕ್ಕೆಜೋಳ, ಹಣ್ಣು ಬಿಟ್ಟು ಯಾವುದನ್ನೂ ನಂಬಬೇಡಿ. ಮೀನಿನ ಸಾಸ್ ಪಲ್ಯಕ್ಕೂ ಬೀಳುತ್ತದೆ, ಸಾರು ಎಲುಬಿನದು. ‘ಮಾಂಸ ಬೇಡ’ ಎಂದರೆ ತುಂಡು ತೆಗೆದು ಅದೇ ಸಾರು ಕೊಡುತ್ತಾರೆ. ಹೇಳಬೇಕಾದದ್ದು ‘ಆನ್ ಚಾಯ್’, ಬೌದ್ಧರ ಸಸ್ಯಾಹಾರ ಎಂದರ್ಥ. ಬಾಯಲ್ಲಿ ಹೇಳಿದರೆ ಸ್ವರ ತಪ್ಪಿ ತಿಳಿಯುವುದಿಲ್ಲ, ವಿಯೆಟ್ನಾಮೀಸ್ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ. ಊರೊಳಗೆ ‘ಚಾಯ್’ ಬೋರ್ಡ್ ಇರುವ ಹೋಟೆಲುಗಳಿವೆ, ಹ್ವೆಯಲ್ಲಂತೂ ಧಾರಾಳ. ಹುಣ್ಣಿಮೆಗೂ ಅಮಾವಾಸ್ಯೆಯ ಮಾರನೇ ದಿನಕ್ಕೂ ಅಲ್ಲಿಯ ಬೌದ್ಧರು ಮಾಂಸ ಬಿಡುವುದರಿಂದ ಆ ದಿನಗಳಲ್ಲಿ ಇನ್ನೂ ಸುಲಭ.

ಪ್ರತಿ ಬೋಗಿಯಲ್ಲೂ ಬಿಸಿನೀರಿನ ನಲ್ಲಿ ಇರುತ್ತದೆ. ಕಪ್ ಉಪ್ಪಿಟ್ಟು, ಗೊಜ್ಜವಲಕ್ಕಿ ಮಿಕ್ಸ್ ಒಯ್ಯಿರಿ. ನೀರು ಕುದಿಯುವಷ್ಟು ಬಿಸಿ ಇರದಿದ್ದರೆ ಪ್ಯಾಕೆಟ್ ಮೇಲೆ ಬರೆದದ್ದಕ್ಕಿಂತ ಎರಡರಷ್ಟು ಹೊತ್ತು ಮುಚ್ಚಿಡಿ. ಚಪಾತಿ ಹನೋಯ್ ಮುಗಿಯುವಷ್ಟರಲ್ಲಿ ಕೆಡುತ್ತದೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಪ್ರವಾಸ ಮುಗಿಯುವವರೆಗೂ ಚಿಂತೆಯಿಲ್ಲ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿ, ಇಲ್ಲವಾದರೆ ಅಲ್ಲಿಯ ತೇವಕ್ಕೆ ಮೆತ್ತಗಾಗುತ್ತದೆ.

ಎರಡು ತೆಳು ಚಾದರವೂ ಇರಲಿ. ನಡುವಿನ ಸ್ಟೇಷನ್ನಿನಲ್ಲಿ ಹತ್ತಿದರೆ ಬರ್ತಿನ ಹೊದಿಕೆ ಹಿಂದಿನ ಪ್ರಯಾಣಿಕರು ಬಿಟ್ಟುಹೋದದ್ದೇ ಆಗಿರಬಹುದು. ಹನೋಯ್‌ನಲ್ಲೇ ಹತ್ತಿದರೆ ಸಾಮಾನ್ಯವಾಗಿ ಒಗೆದದ್ದು ಸಿಗುತ್ತದೆ. ಟಾಯ್ಲೆಟ್ ಪೇಪರ್ ಬೆಳಗಾಗುವಷ್ಟರಲ್ಲಿ ಖಾಲಿ.

ಪಿಂಪ್ರಿ_ಮೀಟರ್‌ಗೇಜ್:

ಡಾ ನಾಂಗ್–ಸೈಗಾನ್ 935 ಕಿ.ಮೀ., 17–18 ಗಂಟೆ. ಅಮ್ಮ ಇರುವುದರಿಂದ ವಿಮಾನ ಎನ್ನುತ್ತೇನೆ, ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ.

ಮಡಗಾಂವ್_ಜಂಕ್ಷನ್:

ನಾನು ಒಪ್ಪುವುದಿಲ್ಲ. ಡಾ ನಾಂಗ್‌ನಿಂದ ನ್ಯಾ ಟ್ರಾಂಗ್‌ವರೆಗೆ ಹಗಲು ಗಾಡಿಯಲ್ಲೂ ನಾಲ್ಕು ಬರ್ತಿನ ಕೋಣೆಯನ್ನೇ ತೆಗೆದರೆ ಅಮ್ಮ ಬೇಕಾದಾಗ ಮಲಗಬಹುದು, ದಾರಿಯುದ್ದಕ್ಕೂ ಗದ್ದೆ, ಕೊನೆಯಲ್ಲಿ ಮತ್ತೆ ಸಮುದ್ರ. ನ್ಯಾ ಟ್ರಾಂಗ್‌ನಲ್ಲಿ ಎರಡು ರಾತ್ರಿ ತಂಗಿ ಸೈಗಾನ್‌ಗೆ ಇನ್ನೊಂದು ಗಾಡಿ. 11 ದಿನದಲ್ಲಿ ಸಾಪಾ ಬಿಟ್ಟರೆ ಇದಕ್ಕೆ ಜಾಗ ಆಗುತ್ತದೆ. ಒಂದೇ ಎಚ್ಚರಿಕೆ: ಸೈಗಾನ್ ತಲುಪುವ ದಿನವೇ ಮುಂಬೈ ವಿಮಾನ ಇಟ್ಟುಕೊಳ್ಳಬೇಡಿ, ನಡುವೆ ಒಂದು ರಾತ್ರಿ ಇರಲಿ. ಅಲ್ಲಿ ಗಾಡಿ ತಡವಾಗುವುದು ಕೊನೆಯ ನೂರು ಕಿ.ಮೀ.ನಲ್ಲೂ ಆಗಬಹುದು.