ಅಪ್‌ಡೇಟ್: ಸ್ಯಾಂ-ಸಿರ್ಕ್-ಲಪೋಪಿ ಸುತ್ತ ನಡೆದು ಬಂದೆವು

ಫ್ರಾನ್ಸ್‌ನ ಲೊಟ್ ನದಿ ಪಕ್ಕದ ಈ ಹಳ್ಳಿಯ ಸುತ್ತ, ಗೈಡ್ ಇಲ್ಲದೆ, ಫ್ರೆಂಚ್ ಬಾರದೆ ನಡೆಯಬಹುದಾ ಎಂದು ಕೇಳಿದ್ದೆ ಅಲ್ವಾ? ಆರಾಮಾಗಿ ನಡೆಯಬಹುದು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು, ಬಣ್ಣದ ಗುರುತು ನೋಡಿಕೊಂಡು ಹೋಗಿ ಎಂದವರ ಸಲಹೆ. ಮರ, ಕಲ್ಲು, ಕಂಬದ ಮೇಲೆಲ್ಲ ಬಳಿದಿರುತ್ತಾರೆ. ಬಿಳಿ-ಕೆಂಪು ಪಟ್ಟೆ ಇದ್ದರೆ ಜಿಆರ್ ಎನ್ನುವ ದೂರದ ದಾರಿ, ಇಲ್ಲಿ ಹಾದುಹೋಗುವುದು ಜಿಆರ್ 36. ಬರೀ ಹಳದಿ ಇದ್ದರೆ ಊರ ಸುತ್ತಿನ ಚಿಕ್ಕ ದಾರಿ. ಎಕ್ಸ್ (X) ಆಕಾರದ ಗುರುತು ಕಂಡರೆ ಆ ಕಡೆ ಹೋಗಬೇಡಿ. ಜೊತೆಗೆ ಐಜಿಎನ್ (ಫ್ರಾನ್ಸ್‌ನ ಸರ್ಕಾರಿ ನಕ್ಷೆ ಸಂಸ್ಥೆ) ಅವರ 1:25,000 ಅಳತೆಯ ಕಾಗದದ ಮ್ಯಾಪ್ ಇಟ್ಟುಕೊಳ್ಳಿ, ತುಂಬಾ ಚೆನ್ನಾಗಿದೆ. ಫೋನ್ ಮ್ಯಾಪೇ ಸಾಕು ಎಂಬ ಸಲಹೆ ಮಾತ್ರ ನಡೆಯಲಿಲ್ಲ, ಅದು ಕಾಲುದಾರಿ ಬಿಟ್ಟು ಟಾರು ರಸ್ತೆಗೇ ಎಳೆಯುತ್ತಿತ್ತು, ಬಂಡೆಗಳ ಕೆಳಗೆ ಸಿಗ್ನಲ್ಲೂ ಇರಲಿಲ್ಲ.

ಯಾರೂ ಹೇಳದೇ ಇದ್ದದ್ದು ಹತ್ತಿರದ ಬೂಝಿಯೆಸ್ ಹಳ್ಳಿ ಕಡೆಯ ದಾರಿ. ನದಿಯಂಚಿನ ಸುಣ್ಣಕಲ್ಲಿನ ಬಂಡೆಯನ್ನೇ ಕೊರೆದು ಮಾಡಿದ್ದಾರೆ! ಹಿಂದೆ ಸರಕಿನ ದೋಣಿಗಳಿಗೆ ಹಗ್ಗ ಕಟ್ಟಿ ದಡದಿಂದ ಎಳೆಯಲು ಈ ದಾರಿ ಬೇಕಿತ್ತು. ಬಂಡೆ ತಲೆಯ ಮೇಲೇ ಚಾಚಿಕೊಂಡಿದೆ, ಎತ್ತರದವರು ಸ್ವಲ್ಪ ನೋಡಿಕೊಳ್ಳಿ. ಒಂದು ಕಡೆ ಗೋಡೆಯುದ್ದಕ್ಕೂ ಶಿಲ್ಪಿ ಡೇನಿಯಲ್ ಮೊನ್ನಿಯೆ ಕೆತ್ತಿದ ಉಬ್ಬುಶಿಲ್ಪ ಇದೆ, ಅಲ್ಲಿಂದ ಕದಲಲು ಮನಸ್ಸೇ ಬರಲಿಲ್ಲ.

ಮಳೆ ಬಂದರೆ ಕಲ್ಲು ಜಾರುತ್ತದೆ, ಒಳ್ಳೆ ಹಿಡಿತದ ಶೂ ಹಾಕಿಕೊಳ್ಳಿ. ಶರತ್ಕಾಲ, ಚಳಿಗಾಲದಲ್ಲಿ ಬೇಟೆ ಸೀಸನ್ ಇರುತ್ತದೆ, ಆಗ ಹೋಗುವವರು ಎದ್ದು ಕಾಣುವ ಬಣ್ಣದ ಬಟ್ಟೆಯನ್ನೇ ತೊಡಿ.