ಬಿಯರ್ ಹಾಕಿದ ಸಾಸ್ ಕಹಿಯಾಗದಂತೆ ಮಾಡುವುದು ಹೇಗೆ? (ಆರು ಜನರ ಊಟಕ್ಕೆ)

ಬೆಣ್ಣೆನಗರಿ_ಅಡುಗೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಬೆಲ್ಜಿಯಂನ ಒಳ್ಳೊಳ್ಳೆ ರೆಸ್ಟೋರೆಂಟುಗಳಲ್ಲಿ ವೈನ್ ಬದಲು ಬಿಯರ್ ಹಾಕಿಯೇ ಇಡೀ ಊಟ ತಯಾರಿಸುತ್ತಾರಲ್ಲ, ಆ ರೀತಿಯ ಊಟವನ್ನು ಮನೆಯಲ್ಲಿ ಆರು ಜನಕ್ಕೆ ಬಡಿಸಬೇಕೆಂದಿದ್ದೇನೆ. ಮೊದಲು ಮಿರ್ಚಿ, ಆಮೇಲೆ ಸಿಗಡಿಗೆ ಬೆಣ್ಣೆ ಸಾಸ್, ನಂತರ ಮಟನ್, ಕೊನೆಗೊಂದು ಸಿಹಿ. ಸುಲಭಕ್ಕೆ ಸಿಗುವುದು ಲಾಗರ್ (ಮಾಮೂಲಿ ತಿಳಿ ಬಿಯರ್), ಸ್ಟ್ರಾಂಗ್, ಒಂದೆರಡು ವೀಟ್ (ಗೋಧಿ) ಬಿಯರ್. ಯಾವುದಕ್ಕೆ ಯಾವುದು ಹಾಕಲಿ? ಬತ್ತಿಸಿದಷ್ಟೂ ಕಹಿ ಏರುವುದನ್ನು ತಡೆಯುವುದು ಹೇಗೆ? ಬರುವವರಲ್ಲಿ ಇಬ್ಬರು ಕುಡಿಯುವುದಿಲ್ಲ. ಕುದಿಸಿದರೆ ಆಲ್ಕೋಹಾಲ್ ಪೂರ್ತಿ ಹೋಗುತ್ತದೆಯೇ?

ದುರ್ಗದ_ಬಾಣಸಿಗ (ಚಿತ್ರದುರ್ಗ)

ಮೊದಲು ಕಹಿಯ ಲೆಕ್ಕ ನೋಡ್ರಿ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಬಿಯರ್‌ನ ಕಹಿ ಬರುವುದು ಹಾಪ್ಸ್‌ನಿಂದ, ಅಂದರೆ ಅದಕ್ಕೆ ಹಾಕುವ ಒಂದು ಬಳ್ಳಿಯ ಹೂವಿನಿಂದ. ಕುದಿಸಿದಾಗ ನೀರು, ಆಲ್ಕೋಹಾಲ್ ಆವಿಯಾಗುತ್ತವೆ, ಕಹಿ ಪಾತ್ರೆಯಲ್ಲೇ ಉಳಿಯುತ್ತದೆ. ಕಹಿ ಅಳೆಯುವ ಮಾನ ಐಬಿಯು. 12 ಐಬಿಯು ಇರುವ 330 ಮಿಲೀ ಬಿಯರನ್ನು 110 ಮಿಲೀಗೆ ಇಳಿಸಿದರೆ ಕಹಿ ಹೆಚ್ಚುಕಡಿಮೆ 36ಕ್ಕೆ ಏರುತ್ತದೆ. ಹಾಪ್ಸ್ ಜಾಸ್ತಿ ಹಾಕಿದ ಐಪಿಎ ಅನ್ನೋ ಬಿಯರ್ ಶುರುವಿನಲ್ಲೇ 40ರಿಂದ 70 ಐಬಿಯು ಇರುವುದರಿಂದ ಅದನ್ನು ಬತ್ತಿಸುವ ಯೋಚನೆಯೇ ಬೇಡ. ಸ್ಟ್ರಾಂಗ್ ಕೂಡ ಬಿಡ್ರಿ, ಆಲ್ಕೋಹಾಲ್ ಜಾಸ್ತಿ, ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ರುಚಿ ಕಡಿಮೆ, ಬತ್ತಿಸಿದರೆ ಹಿಂದೆ ಏನೂ ಉಳಿಯುವುದಿಲ್ಲ.

ಮಟನ್‌ಗೆ ಬೆಲ್ಜಿಯಂನ ಕಾರ್ಬೊನಾಡ್ ಮಾದರಿ ಹಿಡೀರಿ. ಅಲ್ಲಿ ಅದು ದನದ ಮಾಂಸ ಮತ್ತು ಈರುಳ್ಳಿಯ ಅಡುಗೆ. ಇಲ್ಲಿ ಒಂದು ಕೆಜಿ ಮುಂಗಾಲಿನ ಮಟನ್ ತಗೊಳ್ರಿ, ಸ್ವಲ್ಪ ಕೊಬ್ಬು ಇರಲಿ. ತುಂಡುಗಳ ತೇವ ಒರೆಸಿ ಬೆಣ್ಣೆಯಲ್ಲಿ ಕೆಂಪಗೆ ಮಾಡಿ ತೆಗೆದಿಡಿ. ಅದೇ ಪಾತ್ರೆಗೆ 500 ಗ್ರಾಂ ಈರುಳ್ಳಿ ಉದ್ದುದ್ದ ಹೆಚ್ಚಿ ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಹುರೀರಿ. ಇಲ್ಲಿ ಅವಸರ ಸಲ್ಲದು, ಆ ಈರುಳ್ಳಿಯ ಸಿಹಿಯೇ ಹಾಪ್ಸ್ ಕಹಿಗೆ ಎದುರು ನಿಲ್ಲುವುದು. ಅಂಚು ಕಪ್ಪಾದರೆ ಕಹಿಗೆ ಕಹಿ ಸೇರಿದಂತೆ. ಆಮೇಲೆ ತೆಗೆದಿಟ್ಟ ಮಟನ್, 330 ಮಿಲೀ ಬಿಯರ್, ಅದೇ ಅಳತೆಯ ಮೂಳೆ ಸಾರು. ಬಿಯರನ್ನು ಮೊದಲೇ ಬೇರೆಯಾಗಿ ಬತ್ತಿಸಬೇಡಿ. ಎರಡು ಬ್ರೆಡ್ ಹೋಳಿಗೆ ಸಾಸಿವೆ ಪೇಸ್ಟ್ ಸವರಿ ಮೇಲೆ ಕವುಚಿ ಹಾಕಿ, ಅದು ಕರಗಿ ಗೊಜ್ಜು ಗಟ್ಟಿಯಾಗುತ್ತದೆ. ಬೇಕರಿಯ ಸಿಹಿ ಬ್ರೆಡ್ ಬೇಡ. ಸಣ್ಣ ಉರಿಯಲ್ಲಿ ಎರಡು ಗಂಟೆ. ಕೊನೆಗೆ 15 ಗ್ರಾಂ ಬೆಲ್ಲ, ಒಂದು ಚಮಚ ವಿನೆಗರ್. ಆಗಲೂ ಕಹಿ ಮುಂದೆ ಬಂದರೆ ಮೊದಲು ಒಂದು ಚಿಟಿಕೆ ಉಪ್ಪು ಹಾಕಿ ನೋಡ್ರಿ, ಕಹಿ ಅಡಗಿಸುವುದರಲ್ಲಿ ಉಪ್ಪಿನ ಕೈ ದೊಡ್ಡದು.

ಡಾರ್ಕ್ ಬಿಯರ್ ಸಿಕ್ಕರೆ ಒಳ್ಳೇದು, ಸಿಗದಿದ್ದರೆ ಮಾಮೂಲಿ ಲಾಗರ್ ಸಾಕು. ಕುಕ್ಕರ್ ಮಾತ್ರ ಬೇಡ. ಬಿಯರ್ ನೊರೆ ಉಕ್ಕಿ ವೆಂಟ್ ಕಟ್ಟಿಕೊಳ್ಳಬಹುದು, ಮುಚ್ಚಿದ ಪಾತ್ರೆಯಲ್ಲಿ ಆಲ್ಕೋಹಾಲ್ ಹೊರಹೋಗುವುದೂ ಕಡಿಮೆ.

ಹರಿಹರ_ಮಾಲ್ಟ್

ಮಿರ್ಚಿಗೆ ಲಾಗರ್ರೇ ಸರಿ. ಕಡಲೆ ಹಿಟ್ಟು 150 ಗ್ರಾಂ, ಅಕ್ಕಿ ಹಿಟ್ಟು 50 ಗ್ರಾಂ, ಉಪ್ಪು, ಓಂಕಾಳು, ಅದಕ್ಕೆ ಫ್ರಿಜ್‌ನಿಂದ ಆಗತಾನೇ ತೆಗೆದ ಬಿಯರ್ ಸುಮಾರು 200 ಮಿಲೀ. ಪೂರ್ತಿ ಒಮ್ಮೆಲೇ ಸುರಿಯದೆ, ಹಿಟ್ಟು ಮೆಣಸಿನಕಾಯಿಗೆ ಹಿಡಿಯುವಷ್ಟು ಹದ ಬಂದಾಗ ನಿಲ್ಲಿಸಿ. ಎಣ್ಣೆ 180 ಡಿಗ್ರಿಗೆ ಬಂದಮೇಲೇ ಕಲಸಬೇಕು, ಕಲಸಿಟ್ಟರೆ ಗ್ಯಾಸೆಲ್ಲ ಹೋಗಿ ಮಿರ್ಚಿ ಮೆತ್ತಗಾಗುತ್ತದೆ. ಅಡುಗೆ ಸೋಡಾ ಹಾಕುವ ರೂಢಿ ಇಲ್ಲಿ ಬಿಟ್ಟುಬಿಡಿ. ಬಿಯರ್ ಸ್ವಲ್ಪ ಹುಳಿ ಗುಣದ್ದು, ಸೋಡಾ ಬಿದ್ದ ತಕ್ಷಣ ನೊರೆಯೆದ್ದು ಅಲ್ಲೇ ಮುಗಿದುಹೋಗುತ್ತದೆ. ಜಾಸ್ತಿಯಾದ ಸೋಡಾ ಮೇಲ್ಪದರವನ್ನು ಕೆಂಪು ಮಾಡಿ ಎಣ್ಣೆ ಕುಡಿಸುತ್ತದೆ.

ಬೆಣ್ಣೆ ಸಾಸ್‌ಗೆ ವೀಟ್ ಬಿಯರ್. ಬೆಲ್ಜಿಯಂ ಶೈಲಿಯದ್ದಾದರೆ ಇನ್ನೂ ಚೆನ್ನ, ಅದರಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಇರುತ್ತದೆ, ಸಿಗಡಿಗೆ ಹೇಳಿ ಮಾಡಿಸಿದ ಜೋಡಿ. 100 ಮಿಲೀ ಬಿಯರ್‌ಗೆ ಎರಡು ಚಮಚ ಸಣ್ಣಗೆ ಹೆಚ್ಚಿದ ಸಾಂಬಾರ್ ಈರುಳ್ಳಿ ಹಾಕಿ 30 ಮಿಲೀಗೆ ಇಳಿಸಿ. ಒಲೆಯಿಂದ ಕೆಳಗಿಟ್ಟು 120 ಗ್ರಾಂ ತಣ್ಣನೆ ಬೆಣ್ಣೆಯನ್ನು ಒಂದೊಂದೇ ತುಂಡು ಹಾಕಿ ಕಡೆಯುತ್ತಾ ಹೋಗಿ, ಬೆಣ್ಣೆ ಕರಗದೆ ನಿಂತರೆ ಒಂದು ಕ್ಷಣ ಮತ್ತೆ ಒಲೆಗೆ. ಬತ್ತಿಸಿದ ಕಹಿಯನ್ನು ಅಷ್ಟು ಬೆಣ್ಣೆ ನುಂಗುತ್ತದೆ. ನಮ್ಮ ಕಡೆ ಅಂಗಡಿಯಲ್ಲಿ ಸಿಗುವ ಬಿಳಿ ಬೆಣ್ಣೆಯಲ್ಲಿ ಮಜ್ಜಿಗೆಯಂಶ ಉಳಿದಿರುತ್ತದೆ. ತಣ್ಣೀರಲ್ಲಿ ಎರಡು ಸಲ ತೊಳೆದು, ಹಿಂಡಿ, ಫ್ರಿಜ್‌ನಲ್ಲಿ ಗಟ್ಟಿ ಮಾಡಿಕೊಂಡೇ ಬಳಸಿ. ಸಾಸ್‌ನಿಂದ ಹಬೆ ಏಳುವಷ್ಟು ಬಿಸಿಯಾದರೆ ತುಪ್ಪ ಬೇರೆ, ನೀರು ಬೇರೆ ಆಗುತ್ತದೆ. ಒಡೆಯುವ ಸೂಚನೆ ಕಂಡ ಕೂಡಲೇ ಒಂದು ಚಮಚ ತಣ್ಣೀರು ಹಾಕಿ ಜೋರಾಗಿ ಕಡೆದರೆ ಹಿಡಿಯುತ್ತದೆ.

ಕೊಳ್ಳುವಾಗ ಕಂದು ಬಾಟಲಿ ಇಲ್ಲವೇ ಕ್ಯಾನ್ ಆರಿಸಿ. ಹಸಿರು ಬಾಟಲಿಯಲ್ಲಿ ಬೆಳಕು ತಾಗಿದ ಬಿಯರ್‌ಗೆ ಕೆಟ್ಟ ವಾಸನೆ ಬಂದಿರುತ್ತದೆ, ಬೆಣ್ಣೆ ಸಾಸ್‌ನಲ್ಲಿ ಅದು ಎದ್ದು ಕಾಣುತ್ತದೆ.

ಬೆಣ್ಣೆನಗರಿ_ಅಡುಗೆ

ತುಂಬಾ ಉಪಕಾರ ಸರ್, ಇಬ್ಬರಿಗೂ. ಸಿಹಿ ಮತ್ತು ಆಲ್ಕೋಹಾಲ್ ವಿಷಯ ಉಳಿಯಿತು.

ದುರ್ಗದ_ಬಾಣಸಿಗ (ಚಿತ್ರದುರ್ಗ)

ಪೂರ್ತಿ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಪ್ರಕಾರ 15 ನಿಮಿಷ ಬೇಯಿಸಿದರೆ ಶೇ 40, ಒಂದು ಗಂಟೆಗೆ ಶೇ 25, ಎರಡು ಗಂಟೆಗೆ ಶೇ 10 ಉಳಿದಿರುತ್ತದೆ. ಶೇ 5ರ 330 ಮಿಲೀ ಬಿಯರ್‌ನಲ್ಲಿ ಆಲ್ಕೋಹಾಲ್ 16.5 ಮಿಲೀ. ನಿಮ್ಮ ಮಟನ್‌ನಲ್ಲಿ ಉಳಿಯುವುದು ಒಂದೂವರೆ ಮಿಲೀ ಚಿಲ್ಲರೆ, ಒಬ್ಬರ ತಟ್ಟೆಗೆ 0.3 ಮಿಲೀಗೂ ಕಡಿಮೆ. ಆದರೂ ನಂಬಿಕೆಗೋ ಔಷಧಿಗೋ ಬಿಟ್ಟವರಿಗೆ ಅಷ್ಟೂ ಬೇಡವಾಗಿರಬಹುದು, ಅದನ್ನು ತೀರ್ಮಾನಿಸುವವರು ಅವರು. ಊಟಕ್ಕೆ ಕರೆಯುವಾಗಲೇ ಹೇಳಿಬಿಡಿ. ಅವರಿಗೆ ಮಟನ್ ಬೇರೆ ಪಾತ್ರೆಯಲ್ಲಿ, ಬಿಯರ್ ಬದಲು ಇನ್ನಷ್ಟು ಮೂಳೆ ಸಾರು ಹಾಕಿ ಮಾಡ್ರಿ. ಮಿರ್ಚಿಗೆ ತಣ್ಣನೆ ಸೋಡಾ ನೀರು, ಕರಿಯುವುದು ಅವರದೇ ಮೊದಲು, ಎಣ್ಣೆ ಒಂದೇ ಆದರೂ ನಡೆಯುತ್ತದೆ.

ಸಿಹಿಗೆ ಅನಾನಸ್. 200 ಮಿಲೀ ವೀಟ್ ಬಿಯರ್, 100 ಗ್ರಾಂ ಸಕ್ಕರೆ, ಎರಡು ಏಲಕ್ಕಿ ಸೇರಿಸಿ 150 ಮಿಲೀಗೆ ಇಳಿಸಿ, ಹೋಳುಗಳನ್ನು ಅದರಲ್ಲಿ ಹತ್ತು ನಿಮಿಷ ಬೇಯಿಸಿ ತಣ್ಣಗೆ ಬಡಿಸಿ. ಪಾತ್ರೆ ಅಗಲವಾಗಿರಲಿ, ಸಕ್ಕರೆ ಹಾಕಿದ ಕೂಡಲೇ ಬಿಯರ್ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲುತ್ತದೆ.