ನಿಂತರೆ ಎಸಿ ಬಿಸಿಗಾಳಿ, ಓಡಿದರೆ ತಣ್ಣಗೆ: 2010ರ ಕಾರು, ಎರಡು ಸಲ ಗ್ಯಾಸ್ ಹಾಕಿಸಿದ್ದಾಯ್ತು

ಸಿಂಧನೂರಿನವ:

ಎಲ್ಲರಿಗೂ ನಮಸ್ಕಾರ. ನಮ್ಮದು 2010ರ ಸಣ್ಣ ಪೆಟ್ರೋಲ್ ಕಾರು. 1 ಲಕ್ಷ 18 ಸಾವಿರ ಕಿ.ಮೀ. ಓಡಿದೆ, ಎಂಜಿನ್ ಇನ್ನೂ ಗಟ್ಟಿಯಾಗಿದೆ. ತಲೆನೋವೆಲ್ಲ ಎಸಿಯದ್ದು. ತಿಂಗಳಿಗೆ ಎರಡು ಸಲ ಅವ್ವನನ್ನು ರಾಯಚೂರಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಇಲ್ಲಿಂದ ಹೊರಟು ಮಾನ್ವಿ ದಾಟಿ ರಾಯಚೂರು ಮುಟ್ಟೋವರೆಗೂ ತಣ್ಣಗೇ ಇರುತ್ತದೆ, ಊರೊಳಗೆ ಹೊಕ್ಕು ಟ್ರಾಫಿಕ್‌ನಲ್ಲಿ ಐದು ನಿಮಿಷ ನಿಂತರೆ ಸಾಕು, ಗಾಳಿ ಬೆಚ್ಚಗಾಗಿ ಆಮೇಲೆ ಪೂರ್ತಿ ಬಿಸಿ. ಮತ್ತೆ ಗಾಡಿ ಓಡಿದರೆ ಸರಿಹೋಗುತ್ತದೆ. ಹೋದ ವಾರ ಮಟಮಟ ಮಧ್ಯಾಹ್ನ ಅವ್ವ ಸೆರಗಿನ ತುದಿ ನೆನೆಸಿ ಮುಖಕ್ಕೆ ಒತ್ತಿಕೊಂಡು ಕೂತಿದ್ದಳು. ನೋಡಿ ಕರುಳು ಚುರುಕ್ ಎಂದಿತು.

ಮಾರ್ಚ್‌ನಲ್ಲಿ ಗ್ಯಾಸ್ ಹಾಕಿಸಿದೆ, 1,800 ರೂಪಾಯಿ. ಏಪ್ರಿಲ್ ಕೊನೆಗೆ ಮತ್ತೆ ಹಾಕಿಸಿದೆ, 1,500. ಏನೂ ಬದಲಾಗಲಿಲ್ಲ. ಈಗ ಕಂಪ್ರೆಸರ್ ಹೋಗಿದೆ, 14 ಸಾವಿರ ಆಗುತ್ತದೆ ಅಂತಿದ್ದಾರೆ. ಹಾಕಿಸೋದಾ ಬೇಡವಾ, ಗೊತ್ತಿರೋರು ದಯವಿಟ್ಟು ಹೇಳಿ.

ಗಂಗಾವತಿ ಮೇಸ್ತ್ರಿ:

ತಮ್ಮಾ, ಸ್ವಲ್ಪ ತಡಿ. ಕಂಪ್ರೆಸರ್‌ಗೆ ಈಗಲೇ ದುಡ್ಡು ಕೊಡಬೇಡ. ಇಪ್ಪತ್ತು ವರ್ಷ ಕಾರ್ ಎಸಿ ಕೆಲಸ ಮಾಡಿದವನು ನಾನು, ಈ ಒಂದು ಲಕ್ಷಣಕ್ಕೆ ಸುಮ್ನೆ ಕಂಪ್ರೆಸರ್ ಬದಲಿಸಿಕೊಂಡವರನ್ನು ಬಹಳ ನೋಡಿದ್ದೇನೆ.

ಕಂಪ್ರೆಸರ್ ಹಿಂಡಿದ ಗ್ಯಾಸ್ ಬಿಸಿಯಾಗಿ ರೇಡಿಯೇಟರ್ ಮುಂದೆ ಇರುವ ಕಂಡೆನ್ಸರ್‌ಗೆ ಬರುತ್ತದೆ. ಅಲ್ಲಿ ಗಾಳಿ ತಾಗಿ ಆ ಬಿಸಿ ಹೊರಗೆ ಹೋಗಿ ಗ್ಯಾಸ್ ನೀರಿನ ಹಾಗೆ ಆಗಬೇಕು, ಆಗಲೇ ಒಳಗಿನ ಕೂಲಿಂಗ್ ಕಾಯಿಲ್ ತಣ್ಣಗಾಗೋದು. ಗಾಡಿ ಓಡುವಾಗ ಎದುರುಗಾಳಿ ಇರುತ್ತದೆ. ನಿಂತಾಗ ಫ್ಯಾನ್ ಒಂದೇ ಗತಿ. ಹೊರಗೆ 42 ಡಿಗ್ರಿ, ಕೆಳಗೆ ಕಾದ ಡಾಂಬರು, ಫ್ಯಾನ್ ಕೈಕೊಟ್ಟರೆ ಒತ್ತಡ ಏರ್ತಾ ಹೋಗಿ 400 ಪಿಎಸ್‌ಐ ದಾಟಿದ ಮೇಲೆ ಪ್ರೆಷರ್ ಸ್ವಿಚ್ಚೇ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಅದು ಗಾಡಿಯನ್ನು ಕಾಪಾಡೋಕೆ ಇಟ್ಟ ಸ್ವಿಚ್ಚು. ಅದನ್ನೇ ಕಂಪ್ರೆಸರ್ ಕೆಟ್ಟಿದೆ ಅಂತ ತಿಳಿಯುತ್ತಾರೆ.

ನೀನೇ ಪರೀಕ್ಷೆ ಮಾಡು. ಬಾನೆಟ್ ಎತ್ತಿ ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕು. ಟಕ್ ಅಂತ ಕಂಪ್ರೆಸರ್‌ನ ಕ್ಲಚ್ ಹಿಡಿಯುತ್ತದೆ. ಅದರ ಜೊತೆಗೇ ಕಂಡೆನ್ಸರ್ ಫ್ಯಾನ್ ತಿರುಗಬೇಕು, ನಿನ್ನಂಥ ಹಳೇ ಗಾಡಿಗಳಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ. ತಿರುಗುತ್ತಾ ನೋಡು, ಕೈ ಹತ್ತಿರ ಒಯ್ಯಬೇಡ, ಯಾವಾಗ ಬೇಕಾದರೂ ಶುರುವಾಗುತ್ತದೆ. ಆಮೇಲೆ ಅಲ್ಲೇ ನಿಲ್ಲಿಸಿಕೊಂಡು ಬಿಸಿಗಾಳಿ ಬರೋವರೆಗೆ ಕಾಯಿ. ಬಂದ ಮೇಲೆ ಮುಂದಿನ ಜಾಲರಿಯಿಂದ ಕಂಡೆನ್ಸರ್ ಮೇಲೆ ಎರಡು ಚರಿಗೆ ನೀರು ನಿಧಾನಕ್ಕೆ ಸುರಿ. ಒಂದೆರಡು ನಿಮಿಷದಲ್ಲಿ ಒಳಗೆ ತಂಪು ಬಂದರೆ ತೊಂದರೆ ಅಲ್ಲೇ ಇದೆ, ಒಂದೋ ಫ್ಯಾನು ಇಲ್ಲಾ ಕಟ್ಟಿಕೊಂಡ ಕಂಡೆನ್ಸರ್. ನೀರು ಹಾಕಿದರೂ ಏನೂ ಆಗದೆ, ನಿಂತಲ್ಲೇ ಎಕ್ಸಲೇಟರ್ ಒತ್ತಿ 2,000 ಆರ್‌ಪಿಎಂ ಮಾಡಿದಾಗ ಮಾತ್ರ ತಂಪು ಬಂದರೆ ಆಗ ಕಂಪ್ರೆಸರ್ ಸವೆದಿದೆಯಾ ಅಂತ ಯೋಚನೆ ಮಾಡೋಣ.

ಇನ್ನೊಂದು. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತು ಅಲ್ಲ, ಮುಚ್ಚಿದ ಪೈಪಿನೊಳಗೆ ಸುತ್ತುತ್ತಾ ಇರುತ್ತದೆ. ಕಡಿಮೆ ಆಗಿದ್ದರೆ ಎಲ್ಲೋ ಸೋರಿದೆ. ಸೋರದೇ ಇದ್ದರೆ ನೀನು ಎರಡು ಸಲ ಹಾಕಿಸಿದ್ದು ಹೆಚ್ಚಾಗಿರುತ್ತದೆ, ಹೆಚ್ಚಾದರೂ ಒತ್ತಡ ಏರುತ್ತದೆ. ಅವರು ತೂಕ ಮಾಡಿ ಹಾಕಿದರಾ?

ತೋರಣಗಲ್ಲು ಚಾಲಕ:

ಮೇಸ್ತ್ರಿಗಳು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕಡೆ ಅದಿರಿನ ಕೆಂಪು ಧೂಳು, ನಿಮ್ಮ ಕಡೆ ಭತ್ತದ ಹೊಟ್ಟು. ಕೊಯ್ಲಿನ ಟೈಮಲ್ಲಿ ಸಿಂಧನೂರು ರಸ್ತೆಯಲ್ಲಿ ಮಷಿನ್ ಹಿಂದೆ ಗಾಡಿ ಓಡಿಸಿದ್ದೀರಿ ತಾನೆ? ಆ ಹೊಟ್ಟೆಲ್ಲ ಕಂಡೆನ್ಸರ್ ರೆಕ್ಕೆಗಳ ನಡುವೆ ಹೋಗಿ ಕೂರುತ್ತದೆ. ಮುಂದಿನಿಂದ ಬ್ಯಾಟರಿ ಹಿಡಿದು ನೋಡಿದರೆ ಸ್ವಚ್ಛ ಕಾಣುತ್ತದೆ, ಮೋಸ ಹೋಗಬೇಡಿ. ನನ್ನ ಟ್ಯಾಕ್ಸಿಯಲ್ಲಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಇರುವ ಬೆರಳಗಲದ ಸಂದಿಯಲ್ಲಿ ಧೂಳು, ಹುಳ, ಹತ್ತಿ ಎಲ್ಲ ಸೇರಿ ಕಂಬಳಿ ಥರ ಹೆಪ್ಪುಗಟ್ಟಿತ್ತು. ಗ್ರಿಲ್ ಬಿಚ್ಚಿಸಿ ಆ ಸಂದಿಗೆ ಪೈಪ್ ಇಟ್ಟು ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಡಿಸಿ. ವಾಟರ್ ಸರ್ವಿಸ್ ಅಂಗಡಿಯ ಜೋರು ಗನ್ ಮಾತ್ರ ಹತ್ತಿರ ಹಿಡಿಸಬೇಡಿ, ರೆಕ್ಕೆಗಳು ಮಲಗಿಬಿಡುತ್ತವೆ, ಆಮೇಲೆ ಗಾಳಿಗೆ ದಾರಿಯೇ ಇರೋದಿಲ್ಲ.

ಶಕ್ತಿನಗರ ಟೀಚರ್:

ನನ್ನ ಗಾಡಿಯಲ್ಲಿ ಇದಕ್ಕೆ ಉಲ್ಟಾ ಆಗಿತ್ತು, ಯಾರಿಗಾದರೂ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. ಶುರುವಿನಲ್ಲಿ ಚೆನ್ನಾಗಿ ತಂಪು, ಅರ್ಧ ಗಂಟೆ ಓಡಿಸಿದ ಮೇಲೆ ಗಾಳಿಯೇ ಕಡಿಮೆ. ಬ್ಲೋವರ್ 4ರಲ್ಲಿ ಇಟ್ಟು ಶಬ್ದ ಜೋರಾಗಿ ಬಂದರೂ ಗಾಳಿ ಬರುತ್ತಿರಲಿಲ್ಲ. ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿತ್ತಂತೆ. ಕಾಯಿಲ್ ಎಷ್ಟು ತಣ್ಣಗಿದೆ ಅಂತ ನೋಡುವ ಸಣ್ಣ ಸೆನ್ಸರ್ ಕೆಟ್ಟಿತ್ತು, ಅದನ್ನು ಬದಲಿಸಿದ ಮೇಲೆ ತೊಂದರೆ ಇಲ್ಲ.

ತಮ್ಮಾ, ಅಮ್ಮನವರನ್ನು ಕೂರಿಸುವ ಮೊದಲು ನಾಲ್ಕೂ ಕಿಟಕಿ ಇಳಿಸಿ ಒಂದು ನಿಮಿಷ ಓಡಿಸು, ಬಿಸಿಲಲ್ಲಿ ನಿಂತ ಗಾಡಿಯ ಕಾವು ಹೊರಗೆ ಹೋಗಲಿ. ಆಮೇಲೆ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತು. ಮತ್ತೆ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಡಬ್ಬಿ ಗ್ಯಾಸ್ ಹಾಕಿಸಬೇಡ. ಕೆಲವರು ಅಡುಗೆ ಗ್ಯಾಸನ್ನೇ ಬೆರೆಸುತ್ತಾರೆ. ಅದು ಹೊತ್ತಿಕೊಳ್ಳುವ ವಸ್ತು. ವಯಸ್ಸಾದವರು ಕೂರುವ ಗಾಡಿ ಅಲ್ವಾ.

ಸಿಂಧನೂರಿನವ:

ಅಣ್ಣಾ, ನೀವು ಹೇಳಿದ ಹಾಗೇ ಮಾಡಿದೆ. ಕ್ಲಚ್ ಟಕ್ ಅಂತು, ಫ್ಯಾನ್ ಅಲುಗಲಿಲ್ಲ. ಎರಡು ಚರಿಗೆ ನೀರು ಸುರಿದೆ, ಒಂದೇ ನಿಮಿಷಕ್ಕೆ ಒಳಗೆ ತಣ್ಣಗೆ! ಫ್ಯೂಸ್ ಸರಿ ಇದೆ. ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ, ಅದನ್ನೂ ಪಕ್ಕದ್ದಕ್ಕೆ ಅದಲು ಬದಲು ಮಾಡಿ ನೋಡಿದೆ, ಆಗಲಿಲ್ಲ. ಉದ್ದನೆಯ ಮರದ ಕಡ್ಡಿಯಿಂದ ಫ್ಯಾನಿನ ರೆಕ್ಕೆಯನ್ನು ಸ್ವಲ್ಪ ನೂಕಿದಾಗ ತಿರುಗೋಕೆ ಶುರುಮಾಡಿತು. ಆಫ್ ಮಾಡಿ ಮತ್ತೆ ಹಾಕಿದರೆ ಮತ್ತೆ ನಿಂತಿದೆ. ಗ್ಯಾಸ್ ತೂಕ ಮಾಡಿರಲಿಲ್ಲ, ಡಬ್ಬಿ ಕೈಯಲ್ಲಿ ಹಿಡಿದು ಅಂದಾಜಿಗೆ ಹಾಕಿದರು.

ಗಂಗಾವತಿ ಮೇಸ್ತ್ರಿ:

ಸಿಕ್ಕಿತು ನೋಡು. ನೂಕಿದರೆ ತಿರುಗುತ್ತದೆ ಅಂದರೆ ಮೋಟರ್‌ಗೆ ಕರೆಂಟ್ ಬರ್ತಿದೆ, ಒಳಗೆ ಕಾರ್ಬನ್ ಬ್ರಷ್ ಸವೆದಿದೆ. ಮೋಟರ್ ಬದಲಿಸು, ಜೊತೆಗೇ ಕಂಡೆನ್ಸರ್ ತೊಳೆಸು. ಆಮೇಲೆ ಹಾಕಿದ ಗ್ಯಾಸನ್ನೆಲ್ಲ ಮಷಿನ್‌ನಲ್ಲಿ ತೆಗೆಸಿ, ಕಡಿಮೆ ಅಂದರೂ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಸು. ಪೈಪಿನೊಳಗೆ ತೇವ ಉಳಿದರೆ ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡುವ ಸಣ್ಣ ಕಿಂಡಿ, ಅದೇ ಎಕ್ಸ್‌ಪಾನ್ಷನ್ ವಾಲ್ವ್, ಅದರ ಹತ್ತಿರ ಹೆಪ್ಪುಗಟ್ಟಿ ಗ್ಯಾಸಿನ ದಾರಿ ಕಟ್ಟುತ್ತದೆ. ಬಾನೆಟ್ ಕೆಳಗೆ ಸ್ಟಿಕ್ಕರ್ ಇರುತ್ತದೆ, ಆರ್-134ಎ ಅನ್ನೋ ಗ್ಯಾಸ್ ಇಷ್ಟು ಗ್ರಾಂ ಅಂತ. ಅಷ್ಟೇ, ತೂಕ ಮಾಡಿ, ನಿನ್ನ ಕಣ್ಣೆದುರಿಗೇ ಹಾಕಿಸು.

ಸಿಂಧನೂರಿನವ:

ಎಲ್ಲರಿಗೂ ಕೈಮುಗಿಯುತ್ತೇನೆ. ಮೋಟರ್ ಹೊಸದು ಹಾಕಿಸಿದೆ, ಕಂಡೆನ್ಸರ್ ಸಂದಿಯಿಂದ ಒಂದು ಬೊಗಸೆ ಹೊಟ್ಟು ಬಂತು. ಎಲ್ಲ ಸೇರಿ ಕಂಪ್ರೆಸರ್‌ಗೆ ಹೇಳಿದ ದುಡ್ಡಿನ ಕಾಲು ಭಾಗವೂ ಆಗಲಿಲ್ಲ. ನಿನ್ನೆ ರಾಯಚೂರಿನಲ್ಲಿ ಆಸ್ಪತ್ರೆ ಎದುರು ಮಧ್ಯಾಹ್ನ ಹತ್ತು ನಿಮಿಷ ನಿಲ್ಲಿಸಿ, ಎಸಿ ಬಾಯಿಗೆ ಥರ್ಮಾಮೀಟರ್ ಇಟ್ಟು ನೋಡಿದೆ, 13 ಡಿಗ್ರಿ. ಓಡುವಾಗ 8.

ಒಂದು ಕೇಳಬೇಕು ಅಣ್ಣಾ. ಗ್ಯಾಸ್ ಹಾಕುವ ಎರಡು ಬಾಯಿಗಳಿವೆಯಲ್ಲ, ಅವಕ್ಕೆ ಮುಚ್ಚಳವೇ ಇಲ್ಲ. ಮೊದಲು ಹಾಕಿದವರು ಎಲ್ಲಿ ಬಿಟ್ಟರೋ. ಒಂದರ ಸುತ್ತ ಎಣ್ಣೆ ಜಿಡ್ಡು, ಧೂಳು ಅಂಟಿದೆ.

ಗಂಗಾವತಿ ಮೇಸ್ತ್ರಿ:

ಎಣ್ಣೆ ಜಿಡ್ಡು ಇದ್ದಲ್ಲಿ ಗ್ಯಾಸ್ ಸೋರಿರುತ್ತದೆ, ಎರಡೂ ಜೊತೆಗೇ ಹೊರಗೆ ಬರುತ್ತವೆ. ಸೋಪಿನ ನೊರೆ ಹಚ್ಚಿ ನೋಡು, ಗುಳ್ಳೆ ಎದ್ದರೆ ಒಳಗಿನ ಸಣ್ಣ ವಾಲ್ವ್ ಹೋಗಿದೆ, ಟ್ಯೂಬ್ ವಾಲ್ವ್ ಥರದ್ದೇ, ಬೆಲೆ ಏನಿಲ್ಲ. ನೀನೇ ಬಿಚ್ಚೋಕೆ ಹೋಗಬೇಡ, ಚಿಮ್ಮಿದ ಗ್ಯಾಸ್ ಬೆರಳನ್ನು ಮರಗಟ್ಟಿಸಿ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ. ರಬ್ಬರ್ ವಾಷರ್ ಇರುವ ಮುಚ್ಚಳ ಎರಡು ಇವತ್ತೇ ತಂದು ಹಾಕು. ಗುಳ್ಳೆ ಬಂತಾ ಇಲ್ವಾ ಇಲ್ಲೇ ತಿಳಿಸು.